ಜೆ.ಸಿ. ರಸ್ತೆಯಲ್ಲಿ ಒಂದು ಜೊತೆ ಸ್ಟ್ಯಾಂಡು

ಬೆಂಗಳೂರಿನ ಟೌನ್‌ಹಾಲ್ ಬಳಿ ಬಸ್ಸಿಳಿದು ಮಿನರ್ವ ಸರ್ಕಲ್ ಕಡೆಗೆ ನಡೆಯತೊಡಗಿದರೆ ಸಿಗುವುದೇ ಜಯಚಾಮರಾಜೇಂದ್ರ ರಸ್ತೆ. ಆ ಪೂರ್ತಿ ಹೆಸರು ಇರುವುದು ಫಲಕಗಳ ಮೇಲೆ ಮಾತ್ರ. ಜನರ ಬಾಯಲ್ಲಿ ಅದು ಜೆ.ಸಿ. ರಸ್ತೆ. 1935ರ ಟೌನ್‌ಹಾಲ್‌ನ ದಪ್ಪ ಕಂಬಗಳು, ಟ್ಯಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿಸಿದ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಪಕ್ಕದಲ್ಲೇ ಕನ್ನಡ ಭವನ - ಇಷ್ಟನ್ನು ನೋಡಿದವರು ಇದು ನಾಟಕ, ಸಾಹಿತ್ಯದವರ ಬೀದಿ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಇನ್ನೊಂದಿಷ್ಟು ದೂರ ಹೋಗುವಷ್ಟರಲ್ಲಿ ಗಾಳಿಯ ವಾಸನೆಯೇ ಬದಲಾಗುತ್ತದೆ. ಹೊಸ ರೆಕ್ಸಿನ್ನು, ರಬ್ಬರು, ಗ್ರೀಸು. ಎರಡೂ ಬದಿಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಗಳು. ಸೀಟಿನ ಕವರುಗಳು ಮದುವೆ ಮನೆಯ ಸೀರೆಗಳಂತೆ ತೂಗಾಡುತ್ತವೆ. ಹಾರ್ನ್ ಕೊಳ್ಳಲು ಬಂದವರಿಗೆ ಅಂಗಡಿಯವನು ಒಂದೊಂದಾಗಿ ಊದಿ ತೋರಿಸುತ್ತಾನೆ. ಕಲಾಕ್ಷೇತ್ರದ ಹತ್ತಿರವೇ ಇಷ್ಟು ದೊಡ್ಡ ಸಂಗೀತ ಕಚೇರಿ ಬಿಟ್ಟಿಯಾಗಿ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

ತಿಪಟೂರಿನ ಹೈಸ್ಕೂಲು ಮೇಷ್ಟ್ರಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಇತ್ತು. ನನ್ನ ಜೊತೆ ಒಬ್ಬ ಹಳೆಯ ವಿದ್ಯಾರ್ಥಿಯೂ ಇದ್ದ. ಡಿಪ್ಲೊಮಾ ಮುಗಿಸಿ ಈಗ ಊರಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ನಾವಿಬ್ಬರೂ ಬೆಳಗಿನ ರೈಲು ಹಿಡಿದು, ಗುಬ್ಬಿ, ತುಮಕೂರು ದಾಟಿ, ಸುಮಾರು 140 ಕಿಲೋಮೀಟರ್ ಬಂದದ್ದು ಒಂದು ಜೊತೆ ಕಬ್ಬಿಣದ ಸ್ಟ್ಯಾಂಡಿಗೆ ಮತ್ತು ಒಂದು ತಗ್ಗಾದ ಜಾಕಿಗೆ.

2018ರ ಮಳೆಗಾಲದಲ್ಲಿ ಈ ಹುಡುಗನ ತಂದೆ ಮನೆಯ ಅಂಗಳದಲ್ಲಿ ಕಾರಿನಡಿ ಸಿಕ್ಕಿ ತೀರಿಕೊಂಡರು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಜಾಗರೂಕತೆಯ ಮನುಷ್ಯ, ಕೊಡೆ ಇಲ್ಲದೆ ಮನೆ ಬಿಟ್ಟವರಲ್ಲ. ಸೈಲೆನ್ಸರಿನ ಪಟ್ಟಿ ಸಡಿಲವಾಗಿತ್ತಂತೆ. ಕಾರಿನ ಜೊತೆ ಬಂದ ಜಾಕಿಯಿಂದ ಎತ್ತಿದ್ದಾರೆ, ಜಾಕಿಯೊಂದನ್ನೇ ನಂಬಬಾರದೆಂದು ಪಕ್ಕದಲ್ಲಿ ನಾಲ್ಕು ಸಿಮೆಂಟ್ ಬ್ಲಾಕು ಕೂಡ ಜೋಡಿಸಿದ್ದಾರೆ. ಹಿಂದಿನ ದಿನ ಮಳೆ ಬಿದ್ದ ಕೆಂಪು ಮಣ್ಣಿನಲ್ಲಿ ಜಾಕಿ ವಾಲಿತು, ಬ್ಲಾಕು ಪುಡಿಯಾಯಿತು. ಅಷ್ಟೇ. ಆಗ ಈ ಹುಡುಗ ಹತ್ತನೆಯ ತರಗತಿ. ಅದೇ ವರ್ಷ ನನ್ನ ಬಳಿ ಪ್ಯಾಸ್ಕಲನ ನಿಯಮ ಕಲಿತು, ಚಿತ್ರ ಸಮೇತ ಬರೆದು, ಪೂರ್ತಿ ಅಂಕ ತೆಗೆದಿದ್ದ.

ಈಗ ಅವನೇ ಒಂದು ಹಳೆಯ ಸೆಡಾನ್ ಕಾರು ಕೊಂಡಿದ್ದಾನೆ. ಹಿಂದಿನ ಮಾಲೀಕ ಶೋಕಿಗೆಂದು ಸ್ಪ್ರಿಂಗ್ ಬದಲಿಸಿ ಅದನ್ನು ಇನ್ನೂ ನೆಲಕ್ಕೆ ಇಳಿಸಿದ್ದ. ರಸ್ತೆಯುಬ್ಬು ಬಂದರೆ ಕಾರನ್ನು ಏಡಿಯಂತೆ ಓರೆಯಾಗಿ ದಾಟಿಸಬೇಕು. ನಮ್ಮೂರಿನ ಪಂಕ್ಚರ್ ಅಂಗಡಿಯ ಜಾಕಿ ಅದರ ಅಡಿಗೆ ಹೋಗುವುದೇ ಇಲ್ಲ. ಆಯಿಲ್ ಬದಲಿಸುವುದನ್ನು ತಾನೇ ಮಾಡಿಕೊಳ್ಳುತ್ತೇನೆಂದು ಹುಡುಗ ಹೇಳಿದ ದಿನ ಅವನ ತಾಯಿ ಊಟ ಬಿಟ್ಟರು. ಹುಡುಗ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತು ಕೇಳಿದ ಪ್ರಶ್ನೆ ಇದು: "ಸಾರ್, ಮನೆ ಗೋಡೇನೇ ಹೊರುತ್ತೆ ಆ ಬ್ಲಾಕು. ಕಾರು ಯಾಕೆ ಹೊರಲಿಲ್ಲ?"

ಏಳು ವರ್ಷ ಈ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡಿದ್ದ ಎಂದು ಕಾಣುತ್ತದೆ.

ಗೋಡೆಯಲ್ಲಿ ಬ್ಲಾಕಿನ ಮೇಲೆ ಗಾರೆ ಇರುತ್ತದೆ. ಭಾರ ಅದರ ಇಡೀ ಮೈಮೇಲೆ ಸಮನಾಗಿ ಹರಡುತ್ತದೆ, ನೇರ ಕೆಳಕ್ಕೆ ಒತ್ತುತ್ತದೆ. ಕಾರಿನ ಬಾಗಿಲ ಕೆಳಗಿನ ಅಂಚು ಹಾಗಲ್ಲ. ಎರಡು ತಗಡು ಸೇರಿಸಿ ಬೆಸುಗೆ ಹಾಕಿದ, ಚಾಕುವಿನಂತಹ ಸಣ್ಣ ಪಟ್ಟಿ ಅದು. ನೂರಾರು ಕಿಲೋ ಆ ಗೆರೆಯ ಮೇಲೆ ಕೂರುತ್ತದೆ. ಸಿಮೆಂಟಿನ ವಸ್ತು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಹೀಗೆ ಒಂದೇ ಗೆರೆಯಲ್ಲಿ ಭಾರ ಬಿದ್ದಾಗ ಒಳಗೆ ಎಳೆತ ಹುಟ್ಟಿ ಸೀಳು ಬಿಡುತ್ತದೆ. ಕಬ್ಬಿಣ ಬಗ್ಗುತ್ತದೆ, ಮರ ಚಟಪಟ ಎಂದು ಸದ್ದು ಮಾಡುತ್ತದೆ; ಸಿಮೆಂಟ್ ಬ್ಲಾಕು ಯಾವ ಮುನ್ಸೂಚನೆಯನ್ನೂ ಕೊಡದೆ ಒಂದೇ ಗಳಿಗೆಯಲ್ಲಿ ಚೂರಾಗುತ್ತದೆ. ಇಟ್ಟಿಗೆಯೂ ಅಷ್ಟೇ. ಇದನ್ನೆಲ್ಲ ಹೇಳಿದಾಗ ಹುಡುಗ ತಲೆಯಾಡಿಸಿದ. "ಹಾಗಾದ್ರೆ ಏನಿಡಬೇಕು ಸಾರ್?" ಎಂದ. ಅದಕ್ಕೇ ಈ ಪ್ರಯಾಣ.

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಒಂದು ತಮಾಷೆ ನೋಡಿದೆವು. ಒಂದು ಅಂಗಡಿಯಲ್ಲಿ ಕಾರನ್ನು ತಗ್ಗಿಸುವ ಸ್ಪ್ರಿಂಗ್ ಬೇಕೆಂದು ಇಬ್ಬರು ಹುಡುಗರು ಚೌಕಾಸಿ ಮಾಡುತ್ತಿದ್ದರು. ಪಕ್ಕದ ಅಂಗಡಿಯಲ್ಲಿ ಮಧ್ಯವಯಸ್ಸಿನವರೊಬ್ಬರು ತಮ್ಮ ಕಾರಿನ ಹೊಟ್ಟೆ ಒರಸುತ್ತದೆಂದು, ಸ್ಪ್ರಿಂಗಿನ ಸುರುಳಿಗಳ ನಡುವೆ ತೂರಿಸುವ ರಬ್ಬರ್ ಬಫರ್ ಕೇಳುತ್ತಿದ್ದರು. ಒಬ್ಬರಿಗೆ ಇಳಿಸಬೇಕು, ಇನ್ನೊಬ್ಬರಿಗೆ ಏರಿಸಬೇಕು. ಎರಡರಲ್ಲೂ ಬೀದಿಗೆ ಲಾಭ. ಅಂಬಾಸಡರ್ ಕಾಲದಲ್ಲಿ ಈ ಚಿಂತೆ ಇಷ್ಟಿರಲಿಲ್ಲ. 2014ರಲ್ಲಿ ತಯಾರಿಕೆ ನಿಂತ ಆ ಕಾರಿನಡಿ ತೆಳ್ಳಗಿನ ಮೆಕ್ಯಾನಿಕ್ ಜಾಕಿಯ ಹಂಗಿಲ್ಲದೆಯೇ ಅರ್ಧ ಮೈ ತೂರಿಸುತ್ತಿದ್ದ.

ಮೂರು ನಾಲ್ಕು ಅಂಗಡಿ ತಿರುಗಿದ ಮೇಲೆ ಜಾಕಿಗಳನ್ನೇ ಮುಖ್ಯವಾಗಿ ಮಾರುವ ಒಂದು ಕಿರಿದಾದ ಮಳಿಗೆ ಸಿಕ್ಕಿತು. ಒಳಗೆ ಎಪ್ಪತ್ತರ ಆಸುಪಾಸಿನ ಸಾಹೇಬರು, ಮೂಗಿನ ತುದಿಯಲ್ಲಿ ಕನ್ನಡಕ. ನಾವು ಜಾಕಿ ಕೇಳಿದರೆ ಅವರು ಮೊದಲು ಕೇಳಿದ್ದು, "ಸ್ಟ್ಯಾಂಡ್ ಇದೆಯಾ ಮನೇಲಿ?" ಎಂದು. ಇಲ್ಲ ಎಂದೆ. "ಹಾಗಾದ್ರೆ ಮೊದಲು ಅದು ತಗೊಳ್ಳಿ ಸಾರ್. ಜಾಕಿ ಇರೋದು ಎತ್ತೋಕೆ, ಹೊರೋಕಲ್ಲ" ಎಂದರು. ನಾನು ಮೇಷ್ಟ್ರು ಎಂದು ಗೊತ್ತಾದ ಮೇಲೆ ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ನಮ್ಮ ಪಾಠ ಶುರುವಾಯಿತು. ಈ ಸಲ ಬೆಂಚಿನ ಮೇಲೆ ಕೂತದ್ದು ನಾನು.

ಕಾರಿನ ಡಿಕ್ಕಿಯಲ್ಲಿ ಬರುತ್ತದಲ್ಲ, ಕತ್ತರಿಯಾಕಾರದ ಜಾಕಿ, ಅದನ್ನು ಅವರು ಕೈಯಲ್ಲೂ ಮುಟ್ಟಲಿಲ್ಲ. ಕಣ್ಣಲ್ಲೇ ತೋರಿಸಿ, "ಸ್ಟೆಪ್ನಿ ಬದಲಿಸೋಕೆ ಮಾತ್ರ" ಎಂದರು. (ಈ ಸ್ಟೆಪ್ನಿ ಪದದ ಹುಟ್ಟೂರು ವೇಲ್ಸ್ ದೇಶದ ಲಾನೆಲಿ ಎಂಬ ಪಟ್ಟಣ. 1904ರಲ್ಲಿ ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ ಬದಲಿ ಚಕ್ರದ ವ್ಯಾಪಾರ ಆರಂಭವಾಯಿತು. ಆ ಬೀದಿಯ ಹೆಸರು ಇಂದು ನಮ್ಮ ತಿಪಟೂರಿನ ಲಾರಿ ಕ್ಲೀನರುಗಳ ಬಾಯಲ್ಲಿದೆ.) ಕತ್ತರಿ ಜಾಕಿಯ ದೌರ್ಬಲ್ಯ ಏನೆಂಬುದನ್ನು ಹುಡುಗನಿಗೆ ಅಲ್ಲೇ ಒಂದು ಬಿಲ್ಲಿನ ಹಿಂದೆ ಚಿತ್ರ ಬರೆದು ತೋರಿಸಿದೆ. ಅದರ ತೋಳುಗಳು ನೆಲಕ್ಕೆ 45 ಡಿಗ್ರಿ ಕೋನದಲ್ಲಿದ್ದಾಗ, 400 ಕಿಲೋ ಭಾರ ಎತ್ತಿದರೆ ನಡುವಿನ ಸ್ಕ್ರೂ ಮೇಲೆ ಬೀಳುವ ಎಳೆತವೂ 400 ಕಿಲೋ. ಜಾಕಿ ಪೂರ್ತಿ ಮಡಚಿ ಕೋನ 10 ಡಿಗ್ರಿಗೆ ಇಳಿದಾಗ ಅದೇ ಭಾರಕ್ಕೆ ಎಳೆತ 2200 ಕಿಲೋ ಮೀರುತ್ತದೆ. ಐದೂವರೆ ಪಟ್ಟಿಗೂ ಹೆಚ್ಚು. ಎತ್ತರದ ಕಾರಿನಲ್ಲಿ ಜಾಕಿ ಅರ್ಧ ತೆರೆದ ಮೇಲೆ ಭಾರ ಬೀಳುತ್ತದೆ. ತಗ್ಗಿನ ಕಾರಿನಲ್ಲಿ ಜಾಕಿ ಮಲಗಿರುವಾಗಲೇ ಭಾರ ಹೊರಬೇಕು. ಅಂದರೆ ಯಂತ್ರ ಅತ್ಯಂತ ದುರ್ಬಲವಾಗಿರುವ ಹೊತ್ತಿನಲ್ಲೇ ಅದರಿಂದ ನಾವು ಅತ್ಯಂತ ಕಷ್ಟದ ಕೆಲಸ ಮಾಡಿಸುತ್ತೇವೆ. ಹುಡುಗ ಆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಇನ್ನು ಟ್ರಾಲಿ ಜಾಕಿ. ನಾಲ್ಕು ಸಣ್ಣ ಗಾಲಿಯ ಮೇಲೆ ಉರುಳುತ್ತದೆ. ಉದ್ದಕ್ಕೆ ಚಪ್ಪಟೆಯಾಗಿ ಬಾಯಿ ಚಾಚಿರುವುದರಿಂದ ಕೆಲವರು ಕ್ರೊಕೊಡೈಲ್ ಜಾಕಿ ಎನ್ನುತ್ತಾರೆ. ಇದರೊಳಗಿರುವುದು ನಮ್ಮ ಪ್ಯಾಸ್ಕಲ್. ಸಣ್ಣ ಕೊಳವೆಯ ಎಣ್ಣೆಯನ್ನು ಒತ್ತಿದರೆ ದೊಡ್ಡ ಕೊಳವೆಯಲ್ಲಿ ಅದೇ ಒತ್ತಡ, ಹೆಚ್ಚು ವಿಸ್ತಾರ. ವ್ಯಾಸ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಈ ತತ್ವದ ಮೇಲೆ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಶಾಲೆಯಲ್ಲಿ ನಾವು ಇಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಸಾಹೇಬರು ನಿಲ್ಲಿಸಲಿಲ್ಲ. ಒಂದು ಹಳೆಯ ಜಾಕಿ ಬಿಚ್ಚಿಟ್ಟಿದ್ದರು. ಅದರಿಂದ ಬಳೆಯಷ್ಟು ತೆಳುವಾದ ಒಂದು ರಬ್ಬರ್ ಸೀಲು ಎತ್ತಿ ನನ್ನ ಅಂಗೈಯಲ್ಲಿಟ್ಟರು. "ನೀವು ಕೆಳಗೆ ಮಲಗಿದ್ರೆ ನಿಮ್ಮ ಜೀವ ಇದರ ಮೇಲೆ." ಅದು ಸವೆದರೆ, ಒಂದು ಕಸ ಸಿಕ್ಕಿದರೆ, ಎಣ್ಣೆ ಹಿಂದಕ್ಕೆ ಜಾರುತ್ತದೆ; ಕಾರು ಇಳಿಯುತ್ತದೆ. ಪ್ಯಾಸ್ಕಲನ ನಿಯಮ ಇಳಿಯುವಾಗಲೂ ಅಷ್ಟೇ ನಿಷ್ಠೆಯಿಂದ ಕೆಲಸ ಮಾಡುತ್ತದೆ.

ಸಾಮಾನ್ಯ ಸಣ್ಣ ಟ್ರಾಲಿ ಜಾಕಿಯ ತಲೆ, ಪೂರ್ತಿ ಇಳಿಸಿದಾಗಲೂ, ನೆಲದಿಂದ 13 ಸೆಂಟಿಮೀಟರಿನಷ್ಟು ಮೇಲಿರುತ್ತದೆ. ನಮ್ಮ ಹುಡುಗನ ಕಾರಿನ ಅಂಚು ಅದಕ್ಕಿಂತ ಕೆಳಗಿದೆ. ತಗ್ಗಿನ ಕಾರಿಗೆಂದೇ ಮಾಡಿದ ಜಾಕಿಗಳ ತಲೆ 8 ಸೆಂಟಿಮೀಟರಿಗೆ ಇಳಿಯುತ್ತದೆ. ಮೈ ಉದ್ದ, ತೂಕವೂ ಹೆಚ್ಚು. ಅದನ್ನೇ ಕೊಂಡೆವು. ಸ್ಟ್ಯಾಂಡಿನಲ್ಲಿ ಎರಡು ಬಗೆ. ಒಂದರಲ್ಲಿ ಗರಗಸದಂತಹ ಹಲ್ಲಿಗೆ ಒಂದು ನಾಲಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದರಲ್ಲಿ ತೂತಿಗೆ ಬೆರಳು ಗಾತ್ರದ ಪಿನ್ನು ತೂರಿಸಬೇಕು. 2020ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಂಗಡಿ ಸರಣಿ ತಾನು ಮಾರಿದ್ದ ಹಲ್ಲಿನ ಬಗೆಯ ಲಕ್ಷಾಂತರ ಸ್ಟ್ಯಾಂಡುಗಳನ್ನು ವಾಪಸು ಕರೆಸಿಕೊಂಡಿತ್ತು. ನಾಲಗೆ ಸರಿಯಾಗಿ ಕೂರದೆ ಜಾರಬಹುದು ಎಂಬ ಕಾರಣಕ್ಕೆ. ಹಲ್ಲಿನದೆಲ್ಲ ಕೆಟ್ಟದ್ದೆಂದಲ್ಲ. ಆದರೂ ಪಿನ್ನು ಹೊಕ್ಕಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ, ಮನೆಕೆಲಸಕ್ಕೆ ಅದೇ ವಾಸಿ ಎಂದು ನನ್ನ ಅಭಿಪ್ರಾಯ. ಇನ್ನೊಂದು ಮಾತು ಸಾಹೇಬರೇ ಎಚ್ಚರಿಸಿದರು. ಮೇಲೆ '3 ಟನ್' ಎಂದು ಬರೆದಿದ್ದರೆ ಅದು ಒಂದಕ್ಕೋ ಜೊತೆಗೋ ಓದಿ ನೋಡಬೇಕು. ಎಷ್ಟೋ ಸಲ ಅದು ಜೊತೆಗೆ ಹೇಳಿದ ಲೆಕ್ಕ.

ಹಣ ಕೊಟ್ಟು ಹೊರಡುವ ಹೊತ್ತಿಗೆ ಹಿಂದಿನ ಗಲ್ಲಿಯ ಗ್ಯಾರೇಜಿಗೆ ಕರೆದುಕೊಂಡು ಹೋಗಿ, "ಇವರಿಗೆ ತೋರಿಸಪ್ಪ" ಎಂದು ಮೇಸ್ತ್ರಿಗೆ ಒಪ್ಪಿಸಿದರು. ಗ್ಯಾರೇಜು ಎಂದರೆ ಎರಡು ಕಾರು ನಿಲ್ಲುವ ಜಾಗ, ಮೇಲೆ ತಗಡು. ಮೂಲೆಯಲ್ಲಿ ಹಳೆಯ ಕಾಲದ ಒಂದು ಪಿಟ್ಟು ಇತ್ತು, ಹಲಗೆ ಮುಚ್ಚಿತ್ತು. ಏಕೆ ಬಳಸುವುದಿಲ್ಲ ಎಂದೆ. ಪೆಟ್ರೋಲ್ ವಾಸನೆ ಕೆಳಗೆ ನಿಲ್ಲುತ್ತೆ ಎಂದ ಮೇಸ್ತ್ರಿ. ಸರಿಯಾದ ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಹೊಂಡದಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ, ಒಂದು ಕಿಡಿಗೆ ಕಾದಿರುತ್ತದೆ. ಮನೆಯಂಗಳದಲ್ಲಿ ಹೊಂಡ ತೋಡಿಸುವ ಆಲೋಚನೆ ಹುಡುಗನಿಗೆ ಇತ್ತು. ಅಲ್ಲಿಗೆ ಬಿಟ್ಟ.

ಅದೃಷ್ಟಕ್ಕೆ ಅಲ್ಲೊಂದು ತಗ್ಗಿನ ಕಾರೇ ನಿಂತಿತ್ತು. ಮೇಸ್ತ್ರಿ ಜಾಕಿಯನ್ನು ಮುಟ್ಟುವ ಮೊದಲೇ ಮಾಡಿದ ಕೆಲಸಗಳೇ ಹೆಚ್ಚು. ಹ್ಯಾಂಡ್ ಬ್ರೇಕ್ ಎಳೆದ. ಹಿಂದಿನ ಎರಡೂ ಚಕ್ರಗಳಿಗೆ, ಹಿಂದೆಯೂ ಮುಂದೆಯೂ, ಮರದ ಬೆಣೆ ಕೊಟ್ಟ. ಗೇರಿನಲ್ಲಿ ನಿಲ್ಲಿಸಿದರೆ ಸಾಲದೇ ಎಂದು ಹುಡುಗ ಕೇಳಿದ. ಸಾಲದು. ಈ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಎರಡರ ನಡುವೆ ಡಿಫರೆನ್ಷಿಯಲ್ ಇದೆ. ಒಂದು ಮುಂಚಕ್ರ ಗಾಳಿಯಲ್ಲಿ ಎದ್ದರೆ ಅದು ಹಿಮ್ಮುಖವಾಗಿ ತಿರುಗುತ್ತ, ನೆಲದ ಮೇಲಿರುವ ಇನ್ನೊಂದನ್ನು ಉರುಳಲು ಬಿಟ್ಟುಬಿಡುತ್ತದೆ. ಆಗ ಗೇರು ಇದ್ದೂ ಇಲ್ಲದಂತೆ. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ಹಿಂಭಾಗವನ್ನೇ ಎತ್ತಿದರೆ ಅದೂ ಉಪಯೋಗಕ್ಕಿಲ್ಲ, ಮುಂಚಕ್ರಗಳಿಗೆ ಬೆಣೆ ಬೇಕು. ಘಾಟಿಯಲ್ಲಿ ಲಾರಿ ನಿಂತ ಕೂಡಲೇ ಕ್ಲೀನರ್ ಹುಡುಗ ಜಿಗಿದು ಚಕ್ರಕ್ಕೆ ಕಲ್ಲು ಕೊಡುವುದನ್ನು ನೋಡಿದ್ದೀರಲ್ಲ, ಅದೇ ವಿದ್ಯೆ.

ಆಮೇಲೆ ಹಲಗೆ. ತಗ್ಗಿನ ಕಾರಿನ ಮೂತಿ ಮುಂದಕ್ಕೆ ಚಾಚಿರುತ್ತದೆ. ಜಾಕಿಯನ್ನು ಮುಂದಿನಿಂದ ತೂರಿಸಿದರೆ ಒಳಗಿನ ಗಟ್ಟಿ ಅಡ್ಡಪಟ್ಟಿಯವರೆಗೆ ತಲುಪಿದರೂ ಹಿಡಿಕೆ ಆಡಿಸಲು ಜಾಗ ಸಿಗುವುದಿಲ್ಲ. ಅದಕ್ಕೆ ಮುಂಚಕ್ರಗಳ ಮುಂದೆ ಒಂದೂವರೆ ಇಂಚಿನ ಎರಡು ದಪ್ಪ ಹಲಗೆ ಇಟ್ಟು, ಕಾರನ್ನು ನಿಧಾನವಾಗಿ ಅದರ ಮೇಲೆ ಹತ್ತಿಸಿ, ನಂತರ ಬೆಣೆ ಕೊಡುವುದು. ಕಡಿದಾದ ರ‍್ಯಾಂಪಿಗೆ ಮೂತಿ ಬಡಿಯುತ್ತದೆ, ಹಲಗೆಗೆ ಬಡಿಯುವುದಿಲ್ಲ. ಹಲಗೆ ಜಾರದಂತೆ ಅಡಿಯಲ್ಲಿ ಹಳೆಯ ಟೈರಿನ ತುಂಡು. ಈ ನಾಲ್ಕು ಸೆಂಟಿಮೀಟರಿನಲ್ಲಿ ಇಡೀ ಕೆಲಸದ ಕಷ್ಟ ಅರ್ಧವಾಯಿತು.

ಜಾಕಿ ಮೇಲೇಳುವಾಗ ಗಮನಿಸಿ ಎಂದು ಹುಡುಗನಿಗೆ ತೋರಿಸಿದ. ಅದರ ತೋಳು ನೇರ ಏರುವುದಿಲ್ಲ, ಕಮಾನಿನಂತೆ ಏರುತ್ತದೆ. ಆದ್ದರಿಂದ ಜಾಕಿಯ ಗಾಲಿಗಳು ಕಾರಿನ ಕಡೆಗೆ ತಾನಾಗಿ ಉರುಳಬೇಕು. ಗಟ್ಟಿ ಸಿಮೆಂಟ್ ನೆಲದಲ್ಲಿ ಉರುಳುತ್ತದೆ. ಮಣ್ಣಿನಲ್ಲಿ ಗಾಲಿ ಹೂತು ನಿಂತರೆ? ತೋಳು ಕಾರನ್ನೇ ಎಳೆಯುತ್ತದೆ, ಇಲ್ಲವೇ ತಲೆ ಜಾರುತ್ತದೆ. ಹುಡುಗ ಮಾತಾಡಲಿಲ್ಲ. ಬಗ್ಗಿ ಆ ಗಾಲಿಗಳನ್ನೇ ಬಹಳ ಹೊತ್ತು ನೋಡಿದ.

ತಲೆ ಕೊಟ್ಟದ್ದು ಅಡ್ಡಪಟ್ಟಿಗೆ. ಎಂಜಿನ್ನಿನ ಎಣ್ಣೆ ತುಂಬಿರುವ ಚೇಂಬರಿಗೆ ಕೊಟ್ಟರೆ ಅದು ತಪ್ಪಲೆಯಂತೆ ಒಳಕ್ಕೆ ತಗ್ಗಿಹೋಗುತ್ತದೆ. ಎಲ್ಲೆಲ್ಲಿ ಕೊಡಬಹುದು ಎಂಬುದು ಕಾರಿನ ಜೊತೆ ಬರುವ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ. ಬಾಗಿಲ ಕೆಳಗಿನ ಅಂಚಿನಲ್ಲೂ ಎರಡು ಕಚ್ಚು ಹಾಕಿ ಗುರುತು ಮಾಡಿರುತ್ತಾರೆ. ಆ ಗುರುತುಗಳ ಅಡಿಗೆ ಎಡಕ್ಕೊಂದು ಬಲಕ್ಕೊಂದು ಸ್ಟ್ಯಾಂಡು. ಪಿನ್ನು ತೂರಿಸಿ, ಜಾಕಿಯನ್ನು ಇಂಚಿಂಚಾಗಿ ಇಳಿಸಿ, ಕಾರಿನ ಪೂರ್ತಿ ಭಾರ ಸ್ಟ್ಯಾಂಡಿನ ಮೇಲೆ ಕೂತ ಮೇಲೆ ಜಾಕಿಯನ್ನು ಮತ್ತೆ ಮೇಲಕ್ಕೆ ತಂದು ಬರೇ ತಾಗಿಸಿ ಬಿಟ್ಟ. ಬಿಚ್ಚಿದ ಚಕ್ರವನ್ನೂ ಸುಮ್ಮನೆ ಗೋಡೆಗೆ ಒರಗಿಸಲಿಲ್ಲ, ಕಾರಿನ ಅಂಚಿನಡಿಗೆ ಮಲಗಿಸಿದ. ಎಲ್ಲ ಕೈಕೊಟ್ಟರೂ ಒಂದು ಚಕ್ರದ ದಪ್ಪದಷ್ಟು ಜಾಗ ಮನುಷ್ಯನಿಗೆ ಉಳಿಯುತ್ತದೆ. ಚಕ್ರದ ನಟ್ಟುಗಳನ್ನು ಮಾತ್ರ ಎತ್ತುವ ಮೊದಲೇ, ನೆಲದ ಮೇಲಿರುವಾಗಲೇ ಸಡಿಲಿಸಿದ್ದ. ಕೊನೆಗೆ ಎದ್ದು ನಿಂತು, ಎರಡೂ ಕೈಯಿಂದ ಕಾರನ್ನು ಜೋರಾಗಿ ಅಲುಗಿಸಿದ. "ಬೀಳೋದಿದ್ರೆ ಈಗ್ಲೇ ಬೀಳ್ಲಿ ಸಾರ್" ಎಂದು ನಕ್ಕ. ಅದು ಕಲ್ಲಿನಂತೆ ನಿಂತಿತ್ತು.

ಗೋಣಿಚೀಲದಲ್ಲಿ ಜಾಕಿ ಕಟ್ಟಿಕೊಂಡು ಮೆಜೆಸ್ಟಿಕ್ಕಿನ ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಸೊಂಟ ಹೋಯಿತು. ರೈಲಿನಲ್ಲಿ ಅದನ್ನು ಸೀಟಿನಡಿ ತಳ್ಳಿದೆವು. ಎದುರಿನ ಅಜ್ಜಿ, "ಏನಪ್ಪಾ, ರುಬ್ಬುಗುಂಡಾ?" ಎಂದರು.

ಮುಂದಿನ ಭಾನುವಾರ ಕೆಲಸ ನಡೆದದ್ದು ಹುಡುಗನ ಮನೆಯ ಮಣ್ಣಿನ ಅಂಗಳದಲ್ಲಲ್ಲ, ಕೊಬ್ಬರಿ ಒಣಗಿಸಲೆಂದು ನಮ್ಮ ತಂದೆ ಹಾಕಿಸಿದ್ದ ಸಿಮೆಂಟು ಕಣದಲ್ಲಿ. ಮಟ್ಟ ಇದೆಯೇ ಎಂದು ನೋಡಲು ಒಂದು ಗೋಲಿ ಇಟ್ಟೆವು. ಒಂದು ಕಡೆ ಉರುಳಿತು, ಕಾರನ್ನು ಎರಡು ಮಾರು ಹಿಂದಕ್ಕೆ ತೆಗೆದೆವು. ಹಲಗೆ ತೆಂಗಿನ ಮರದ್ದು. ತೆಂಗಿನ ಕಾಂಡ ಹೊರಭಾಗದಲ್ಲಿ ಗಟ್ಟಿ, ತಿರುಳಿನಲ್ಲಿ ಮೆದು; ಹೊರಗಿನ ಕರಿ ನಾರಿನ ಭಾಗವನ್ನೇ ಆರಿಸಿ ಕೊಯ್ಯಿಸಿದ್ದ. ಬೆಣೆಗಳೂ ಅದರವೇ. ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಅಲುಗಿಸಿ ನೋಡಿದ. ನಾನೂ ನೋಡಿದೆ. ಆಮೇಲೆ ಮತ್ತೊಮ್ಮೆ ಅವನೇ ನೋಡಿದ.

ಅವನ ತಾಯಿ ಬರುವುದಿಲ್ಲ ಎಂದಿದ್ದವರು ಬಂದು ಗೇಟಿನ ಹೊರಗೇ ನಿಂತಿದ್ದರು. ನನ್ನ ಮನೆಯವಳು ಒಳಗೆ ಕರೆದರೂ ಬರಲಿಲ್ಲ. "ಅಮ್ಮಾ, ಬಾ ಇಲ್ಲಿ, ನೀನೂ ಒಂದ್ಸಲ ಅಲ್ಲಾಡಿಸು" ಎಂದ ಹುಡುಗ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ಕಾರಿನ ಮೂತಿಗೆ ಎರಡೂ ಕೈ ಕೊಟ್ಟು ತಳ್ಳಿದರು. ಇಡೀ ಮೈಯ ಬಲ ಹಾಕಿ, ಎರಡು ಸಲ. ನಂತರ ಏನೂ ಹೇಳದೆ ಕಣದ ಅಂಚಿನಲ್ಲಿ ಕೂತರು. ಹುಡುಗ ಕೆಳಗೆ ಜಾರಿದ. ಹಳೆಯ ಎಣ್ಣೆ ಪೂರ್ತಿ ಬಸಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವರ ಕಣ್ಣು ಎಡಗಡೆಯ ಸ್ಟ್ಯಾಂಡಿನ ಪಿನ್ನಿನ ಮೇಲೆಯೇ ಇತ್ತು.